ಒಂದು ಪೆನ್ಸಿಲ್ ದಪ್ಪದ ಜಾಗ

ಹೋದ ತಿಂಗಳು ಒಂದು ಶುಕ್ರವಾರ ನಮ್ಮ ಕನ್ನಡ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಊರಿನ ಅಜ್ಜ ಅಜ್ಜಿಯ ಮನೆಯಲ್ಲಿದ್ದು, ಇಲ್ಲಿ ರಾಸ್ ಲಫಾನ್ ಕಡೆಯ ನಮ್ಮ ಮನೆಗಳಲ್ಲಿ ಇಲ್ಲದ ಒಂದು ವಸ್ತುವಿನ ಬಗ್ಗೆ ಐದು ವಾಕ್ಯ ಬರೆಯಬೇಕು. ಒರಳುಕಲ್ಲು ಬಂತು, ಬಚ್ಚಲಿನ ಹಂಡೆ ಬಂತು, ತೊಟ್ಟಿಲು ಬಂತು. ಪುತ್ತೂರು ಕಡೆಯ ಒಬ್ಬ ಹುಡುಗ ಹೀಗೆ ಬರೆದಿದ್ದ: "ಅಜ್ಜನ ಮನೆಯ ಹಿಂದೆ ಒಂದು ಮರದ ಪೆಟ್ಟಿಗೆ ಇದೆ. ಅದು ಒಂದೇ ಕಾಲಿನ ಮೇಲೆ ನಿಂತಿದೆ. ಅದರ ಹೆಸರು ಜೇನುಪೆಟ್ಟಿಗೆ. ಅದರಲ್ಲಿ ಜೇನು ಇಲ್ಲ. ಅಜ್ಜ ಅದರಲ್ಲಿ ಮೊಳೆ, ಸುತ್ತಿಗೆ ಇಡುತ್ತಾರೆ."

ಎಲ್ಲರೂ ನಕ್ಕರು. ಆದರೆ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಕೇಳಿದಳು: "ಸರ್, ಜೇನು ಎಲ್ಲಿ ಹೋಯ್ತು?"

ಉತ್ತರ ಎರಡು ಮಾತಿನಲ್ಲಿ ಹೇಳುವಂಥದ್ದಲ್ಲ. ನಮ್ಮ ಮನೆಯಲ್ಲೂ ಅಂಥದ್ದೇ ಪೆಟ್ಟಿಗೆ ಇತ್ತು, ನಾನು ಅದರ ಪಕ್ಕದಲ್ಲೇ ಬೆಳೆದವನು. ಹಾಗಾಗಿ ಈ ಸಲ ಇ-ಪತ್ರಿಕೆಗೆ ಅದನ್ನೇ ಬರೆಯುತ್ತೇನೆ ಎಂದುಕೊಂಡೆ.

ಮೊದಲು ಜೇನಿನ ಪರಿಚಯ ಆಗಬೇಕು. ನಮ್ಮ ಮಲೆನಾಡು, ಕರಾವಳಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಜೇನುಗಳಿವೆ. ಎತ್ತರದ ಮರ, ಬಂಡೆ, ನೀರಿನ ಟ್ಯಾಂಕಿನ ಅಡಿಯಲ್ಲಿ ದೊಡ್ಡ ಮೊರದಂತೆ ತೂಗಾಡುವುದು ಹೆಜ್ಜೇನು. ಪೊದೆಯ ಕೊಂಬೆಗೆ ಅಂಗೈಯಷ್ಟು ಗೂಡು ಕಟ್ಟುವುದು ಕೋಲುಜೇನು. ಗೋಡೆಯ ಸಂದಿಯಲ್ಲಿ ಸೊಳ್ಳೆಯಷ್ಟೇ ದೊಡ್ಡದಾಗಿ, ಕುಟುಕದೆ ಬದುಕುವುದು ಮುಜಂಟಿ. ನಾಲ್ಕನೆಯದು ತುಡುವೆ. ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಒಂದು ಎರಿ ಕಟ್ಟುತ್ತವೆ. ಎರಿ ಎಂದರೆ ಆರು ಮೂಲೆಯ ಕೋಣೆಗಳಿರುವ ಮೇಣದ ಹಲಗೆ. ತುಡುವೆ ಹಾಗಲ್ಲ. ಮರದ ಪೊಟರೆ, ಹುತ್ತದಂಥ ಕತ್ತಲೆ ಜಾಗ ಹುಡುಕಿ, ಒಳಗೆ ಪುಸ್ತಕದ ಹಾಳೆಗಳಂತೆ ಆರೇಳು ಎರಿಗಳನ್ನು ಸಾಲಾಗಿ ಕಟ್ಟುತ್ತದೆ. ಹೆಜ್ಜೇನನ್ನು ಯಾರೂ ಮನೆಯಲ್ಲಿ ಸಾಕಲಾರರು. ಅದರ ತುಪ್ಪ ಬೇಕಾದರೆ ಕಾಡಿಗೆ ಹೋಗಿ ಮರ ಹತ್ತಬೇಕು. ಆ ವಿದ್ಯೆಯಿಂದಲೇ ಹೆಸರು ಪಡೆದವರು ನಾಗರಹೊಳೆ ಕಡೆಯ ಜೇನುಕುರುಬರು. ಆದರೆ ತುಡುವೆಗೆ ಬೇಕಾದದ್ದು ಒಂದು ಕತ್ತಲೆ ಕೋಣೆ ಮಾತ್ರ. ಅದನ್ನು ನಾವೇ ಮಾಡಿ ಕೊಡಬಹುದಲ್ಲ!

ಹಾಗೆ ಹೊಳೆದ ಮೊದಲ ವಸ್ತು ಮಡಕೆ. ಹಳೆಯ ಮಡಕೆಗೆ ಸಣ್ಣ ತೂತು ಕೊರೆದು, ಒಳಗೆ ಸ್ವಲ್ಪ ಜೇನುಮೇಣ ಸವರಿ, ಬಾಯಿ ಮುಚ್ಚಿ, ಮರದ ಕವಲಿನಲ್ಲಿ ಇಡುವುದು. ಹೂವಿನ ಕಾಲದಲ್ಲಿ ತುಡುವೆ ಕುಟುಂಬ ದೊಡ್ಡದಾಗಿ ಎರಡಾಗುತ್ತದೆ. ಇದಕ್ಕೆ ಪಾಲಾಗುವುದು ಎನ್ನುತ್ತಾರೆ, ಅಣ್ಣ ತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆಯೇ. ಹಳೆಯ ರಾಣಿ ಅರ್ಧ ಪರಿವಾರ ಕಟ್ಟಿಕೊಂಡು ಹೊಸ ಮನೆ ಹುಡುಕುತ್ತಾ ಹೊರಡುತ್ತಾಳೆ. ಮೇಣದ ವಾಸನೆ ಸಿಕ್ಕಿ ಮಡಕೆಗೆ ಬಂದು ಸೇರಿದರೆ ಅದೇ ಮನೆಯ ಜೇನು.

ಇದು ನಮ್ಮೂರಿನ ಉಪಾಯ ಮಾತ್ರವಲ್ಲ. ನಾವೀಗ ಇರುವ ಈ ಅರಬ್ ನಾಡುಗಳ ಕಡೆಯೂ ಇದೇ ಲೆಕ್ಕ. ಒಮಾನಿನ ಹಳ್ಳಿಗಳಲ್ಲಿ ಖರ್ಜೂರದ ಮರದ ಕಾಂಡವನ್ನು ಟೊಳ್ಳು ಮಾಡಿ, ಮಲಗಿಸಿ, ಒಂದರ ಮೇಲೊಂದು ಪೇರಿಸಿ ಜೇನು ಸಾಕುತ್ತಿದ್ದರು. ಈಜಿಪ್ಟಿನಲ್ಲಿ ಸುಮಾರು 4,400 ವರ್ಷ ಹಿಂದಿನ ಸೂರ್ಯದೇವಾಲಯವೊಂದರ ಕಲ್ಲಿನಲ್ಲಿ, ಮಲಗಿಸಿದ ಕೊಳವೆಯಂಥ ಗೂಡುಗಳ ಮುಂದೆ ಕುಳಿತು ಜೇನು ತೆಗೆಯುವವರ ಚಿತ್ರವಿದೆ. ಮಡಕೆ ಸಿಕ್ಕಿದಲ್ಲಿ ಮಡಕೆ, ಮರ ಸಿಕ್ಕಿದಲ್ಲಿ ಮರ, ಕೆಸರು ಸಿಕ್ಕಿದಲ್ಲಿ ಕೆಸರು.

ಮಡಕೆಯ ತೊಂದರೆ ಒಂದೇ, ಆದರೆ ದೊಡ್ಡದು. ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಎರಿಗಳು ಮಡಕೆಯ ಮೈಗೆ ಅಂಟಿಕೊಂಡಿರುತ್ತವೆ. ತುಪ್ಪ ಬೇಕೆಂದರೆ ಎರಿ ಕಿತ್ತು ಹಿಂಡಬೇಕು. ಹಿಂಡುವಾಗ ತುಪ್ಪದ ಜೊತೆ ಮರಿಗಳ ರಸವೂ ಬರುತ್ತದೆ. ಮನೆ ಮುರಿದ ಮೇಲೆ ಜೇನು ಯಾಕೆ ನಿಲ್ಲುತ್ತದೆ? ಹಾರಿ ಹೋಗುತ್ತದೆ. ಒಂದು ಬಾಟಲಿ ತುಪ್ಪಕ್ಕೆ ಒಂದು ಇಡೀ ಸಂಸಾರ ಹಾಳು. ಸಾವಿರಾರು ವರ್ಷ ಲೋಕದ ಬಹುಪಾಲು ಕಡೆ ಜೇನು ತೆಗೆದದ್ದು ಹೀಗೆಯೇ.

ಇದನ್ನು ಬದಲಿಸುವ ಕೆಲಸದಲ್ಲಿ ಮೊದಲು ದೊಡ್ಡ ಹೆಜ್ಜೆ ಇಟ್ಟವರಲ್ಲಿ ಒಬ್ಬರಿಗೆ ಕಣ್ಣೇ ಕಾಣುತ್ತಿರಲಿಲ್ಲ ಎಂದರೆ ಮಕ್ಕಳು ನಂಬುವುದಿಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ 1750ರಲ್ಲಿ ಹುಟ್ಟಿದ ಫ್ರಾಂಸ್ವಾ ಹ್ಯೂಬರ್ ಹರೆಯದಲ್ಲೇ ದೃಷ್ಟಿ ಕಳೆದುಕೊಳ್ಳತೊಡಗಿದರು. ಅವರ ಮನೆಯ ಸಹಾಯಕ ಬರ್ನೆನ್ಸ್ ನೋಡಿ ಹೇಳುತ್ತಿದ್ದ, ಹ್ಯೂಬರ್ ಪ್ರಶ್ನೆ ಕೇಳುತ್ತಿದ್ದರು. ಒಳಗಿನದು ನೋಡಲೆಂದೇ ಅವರು ಪುಸ್ತಕದ ಹಾಳೆ ತಿರುಗಿಸಿದಂತೆ ತೆರೆಯುವ ಒಂದು ಗೂಡು ಮಾಡಿಸಿದರು. ಒಂದೊಂದು ಚೌಕಟ್ಟಿನಲ್ಲಿ ಒಂದೊಂದು ಎರಿ. 1792ರಲ್ಲಿ ಬಂದ ಅವರ ಪುಸ್ತಕವನ್ನು ಇಂದಿಗೂ ಜೇನು ವಿಜ್ಞಾನಿಗಳು ಗೌರವದಿಂದ ನೆನೆಯುತ್ತಾರೆ. ಪ್ರಶ್ನೆ ಸರಿಯಾಗಿದ್ದರೆ ಕಣ್ಣನ್ನು ಬೇರೆಯವರಿಂದ ಸಾಲ ತೆಗೆದುಕೊಳ್ಳಬಹುದು ಎಂದು ನನಗೆ ಅನಿಸುವುದು ಅವರ ಕತೆ ಓದಿದಾಗ.

ಆದರೆ ಆ ಗೂಡು ಅಧ್ಯಯನಕ್ಕೆ ಸರಿ, ತೋಟಕ್ಕೆ ಅಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಪಾದ್ರಿ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಒಂದು ಸಣ್ಣ ಸಂಗತಿಯನ್ನು ಸರಿಯಾಗಿ ಹಿಡಿದರು. ಜೇನುನೊಣ ಗೂಡಿನೊಳಗೆ ಓಡಾಡಲು ಒಂದು ದಾರಿ ಬಿಟ್ಟುಕೊಳ್ಳುತ್ತದೆ. ಆ ದಾರಿಗಿಂತ ಕಿರಿದಾದ ಸಂದು ಕಂಡರೆ ಅಂಟಿನಿಂದ ಮುಚ್ಚುತ್ತದೆ. ಅಗಲವಾದ ಜಾಗ ಕಂಡರೆ "ಇಲ್ಲಿ ಇನ್ನೊಂದು ಎರಿ ಹಿಡಿಸುತ್ತದೆ" ಎಂದು ಕಟ್ಟತೊಡಗುತ್ತದೆ. ಸರಿಯಾದ ಅಳತೆ ಬಿಟ್ಟರೆ ಮಾತ್ರ ಮುಚ್ಚುವುದೂ ಇಲ್ಲ, ಕಟ್ಟುವುದೂ ಇಲ್ಲ. ಲ್ಯಾಂಗ್‌ಸ್ಟ್ರಾತ್ ಇಟ್ಟ ಅಳತೆ ಒಂದು ಇಂಚಿನ ಎಂಟರಲ್ಲಿ ಮೂರು ಭಾಗ. ಚೌಕಟ್ಟಿನ ಸುತ್ತ, ಮುಚ್ಚಳದ ಕೆಳಗೆ ಅಷ್ಟೇ ಜಾಗ ಬಿಟ್ಟು ಪೆಟ್ಟಿಗೆ ಮಾಡಿದರು. ಚೌಕಟ್ಟು ಯಾವುದಕ್ಕೂ ಅಂಟಲಿಲ್ಲ. ಮೇಜಿನ ಡ್ರಾಯರಿನಿಂದ ಫೈಲು ತೆಗೆದಂತೆ ಎರಿ ತೆಗೆದು, ನೋಡಿ, ಮತ್ತೆ ಇಡಬಹುದಾಯಿತು. 1852ರಲ್ಲಿ ಪೇಟೆಂಟ್ ಸಿಕ್ಕಿತು. ಅದರಿಂದ ಅವರಿಗೆ ಹೆಚ್ಚು ಹಣ ಬರಲಿಲ್ಲ. ಹಲಗೆ ಕೊಯ್ಯಲು ಬಂದವರೆಲ್ಲ ನೋಡಿ ತಾವೇ ಮಾಡಿಕೊಂಡರು! ಮನೆಯಲ್ಲೇ ಮಾಡಬಹುದಾದ ವಸ್ತುವಿನ ಹಣೆಬರಹವೇ ಅದು.

ಉಳಿದ ಸಾಮಾನುಗಳು ಬೇಗ ಬೇಗ ಬಂದವು. 1857ರಲ್ಲಿ ಜರ್ಮನಿಯ ಬಡಗಿ ಯೊಹಾನೆಸ್ ಮೇರಿಂಗ್ ಆರು ಮೂಲೆಯ ಅಚ್ಚು ಒತ್ತಿದ ಮೇಣದ ಹಾಳೆ ಮಾಡಿದರು. ಅದನ್ನು ಚೌಕಟ್ಟಿಗೆ ಕೂರಿಸಿದರೆ ಜೇನು ಅದರ ಮೇಲೆ ನೆಟ್ಟಗೆ ಎರಿ ಕಟ್ಟುತ್ತದೆ. 1865ರಲ್ಲಿ ಫ್ರಾಂಜ್ ಹ್ರುಶ್ಕಾ ಎಂಬ ಸೇನಾಧಿಕಾರಿ ಎರಿ ಮುರಿಯದೆ ತುಪ್ಪ ತೆಗೆಯುವ ಯಂತ್ರ ತೋರಿಸಿದರು. ಅವರ ಮಗ ಎರಿಯ ತುಂಡು ಇದ್ದ ಪಾತ್ರೆಯನ್ನು ಆಟಕ್ಕೆ ಗಿರಗಿರನೆ ತಿರುಗಿಸಿದಾಗ ತುಪ್ಪ ಹೊರಗೆ ಚಿಮ್ಮಿತು, ಅದನ್ನು ನೋಡಿ ಅಪ್ಪನಿಗೆ ಉಪಾಯ ಹೊಳೆಯಿತು ಎಂದು ಒಂದು ಕತೆ. ಕತೆ ನಿಜವೋ ಅಲ್ಲವೋ, ಬಟ್ಟೆ ಒಗೆಯುವ ಮಷೀನಿನಲ್ಲಿ ನೀರು ಹಿಂಡುವುದು ಇದೇ ತತ್ವದಿಂದ.

ಈಗ ಊರಿಗೆ ಬರೋಣ. 1880ರ ದಶಕದಲ್ಲಿ ಬಂಗಾಳ, ಪಂಜಾಬಿನಲ್ಲಿ ಪೆಟ್ಟಿಗೆಯಲ್ಲಿ ಜೇನು ಸಾಕುವ ಪ್ರಯತ್ನ ನಡೆಯಿತು, ಹೆಚ್ಚು ಫಲ ಕೊಡಲಿಲ್ಲ. ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ ಯುರೋಪಿನ ಜೇನಿನ ಮೈಯಳತೆಗೆ ಮಾಡಿದ್ದು. ನಮ್ಮ ತುಡುವೆ ಅದಕ್ಕಿಂತ ಸಣ್ಣದು, ಕುಟುಂಬವೂ ಸಣ್ಣದು. ದೊಡ್ಡ ಪೆಟ್ಟಿಗೆಯಲ್ಲಿ ಕೂರಿಸಿದರೆ ಮೂರು ಜನರ ಸಂಸಾರವನ್ನು ಕಲ್ಯಾಣ ಮಂಟಪದಲ್ಲಿ ಕೂರಿಸಿದ ಹಾಗೆ. ಖಾಲಿ ಮೂಲೆಗೆ ಮೇಣದ ಹುಳ ಬರುತ್ತದೆ, ಬೆಚ್ಚಗೆ ಇಟ್ಟುಕೊಳ್ಳಲೂ ಆಗುವುದಿಲ್ಲ.

ಇದನ್ನು ಸರಿ ಮಾಡಿದವರು ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್. ಸೇಬು ಬಿದ್ದ ನ್ಯೂಟನ್ ಅಲ್ಲ ಮಕ್ಕಳೇ, ಇವರು ಬೇರೆ. ಜೇನಿನ ಕತೆಯಲ್ಲಿ ಪಾದ್ರಿಗಳು ಮತ್ತೆ ಮತ್ತೆ ಬರುತ್ತಾರೆ. ಚರ್ಚಿನ ಮೇಣದ ಬತ್ತಿಗೂ ಜೇನಿಗೂ ಇರುವ ಹಳೆಯ ನಂಟು ಅದಕ್ಕೆ ಒಂದು ಕಾರಣ ಇರಬಹುದು ಎಂದು ನನ್ನ ಊಹೆ. ನ್ಯೂಟನ್ ತುಡುವೆಯ ಅಳತೆಗೆ ಪೆಟ್ಟಿಗೆಯನ್ನು ಕುಗ್ಗಿಸಿದರು. ಚೌಕಟ್ಟಿನ ಒಳ ಅಳತೆ ಎಂಟೂಕಾಲು ಇಂಚು ಉದ್ದ, ಐದೂಮುಕ್ಕಾಲು ಇಂಚು ಎತ್ತರ. ಲ್ಯಾಂಗ್‌ಸ್ಟ್ರಾತ್ ಚೌಕಟ್ಟು ಇದರ ಸುಮಾರು ಮೂರು ಪಟ್ಟು ದೊಡ್ಡದು. ಕೆಳಗಿನ ಸಂಸಾರ ಕೋಣೆಯಲ್ಲಿ ಅಂಥ ಏಳು ಚೌಕಟ್ಟು. ಅಲ್ಲಿ ರಾಣಿ ಮೊಟ್ಟೆ ಇಡುತ್ತಾಳೆ, ಮರಿಗಳು ಬೆಳೆಯುತ್ತವೆ. ಅದರ ಮೇಲೆ ಎತ್ತರ ಕಡಿಮೆಯ ಜೇನು ಕೋಣೆ. ತುಪ್ಪ ತೆಗೆಯುವುದು ಮೇಲಿನದರಿಂದ ಮಾತ್ರ, ಸಂಸಾರಕ್ಕೆ ಕೈ ಹಾಕುವಂತಿಲ್ಲ. 1911ರಿಂದ 1917ರವರೆಗೆ ನ್ಯೂಟನ್ ಹಳ್ಳಿಯ ಜನರಿಗೆ ಇದನ್ನು ಕಲಿಸಿದರು.

ಅಲ್ಲಿಂದ ಅದು ದಕ್ಷಿಣದಲ್ಲಿ ಹರಡಿತು. 1917ರಲ್ಲಿ ತಿರುವಾಂಕೂರು, 1925ರಲ್ಲಿ ಮೈಸೂರು ಸಂಸ್ಥಾನ, 1931ರಲ್ಲಿ ಮದ್ರಾಸ್ ಪ್ರಾಂತ್ಯ, 1934ರಲ್ಲಿ ಕೊಡಗು. ನಡುವೆ 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಜೇನು ಸಾಕಣೆ ಒಳ್ಳೆಯ ಗೃಹೋದ್ಯೋಗ ಎಂದು ಹೇಳಿತು. ಕನ್ಯಾಕುಮಾರಿ ಬಳಿಯ ಮಾರ್ತಾಂಡಂನಲ್ಲಿ ವೈ.ಎಂ.ಸಿ.ಎ.ಯ ಸ್ಪೆನ್ಸರ್ ಹ್ಯಾಚ್ ಬಡ ರೈತರಿಗೆ ಇದನ್ನು ಕಲಿಸಿದರು. 1934ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕಟ್ಟಿದ ಗ್ರಾಮೋದ್ಯೋಗ ಸಂಘದ ಪಟ್ಟಿಯಲ್ಲೂ ಜೇನು ಇತ್ತು. ಪುತ್ತೂರಿನಲ್ಲಿ, ವಿರಾಜಪೇಟೆಯಲ್ಲಿ ಜೇನು ಸಾಕುವವರ ಸಹಕಾರ ಸಂಘಗಳು ಬೆಳೆದವು. ಕೊಡಗಿನ ಜೇನು ಎಂಬ ಹೆಸರು ಬೆಂಗಳೂರಿನ ಅಂಗಡಿಗಳಿಗೆ ತಲುಪಿತು. ಭಾಗಮಂಡಲಕ್ಕೆ ಹೋದವರು ಅಲ್ಲಿನ ಸರ್ಕಾರಿ ಜೇನು ಕೇಂದ್ರವನ್ನು ನೋಡಿರಬಹುದು.

ಇವೆಲ್ಲ ದೊಡ್ಡ ಹೆಸರುಗಳು. ಆದರೆ ನಮ್ಮ ಹಿತ್ತಲಿಗೆ ಪೆಟ್ಟಿಗೆ ತಂದವರು ಊರಿನ ಆಚಾರಿ ಮತ್ತು ನನ್ನ ಅಜ್ಜ.

ನಮ್ಮದು ಸುಳ್ಯದ ಕಡೆ, ಅಡಿಕೆ ತೋಟ. ಅಜ್ಜ ಸಂಘದಿಂದ ಒಂದು ಪೆಟ್ಟಿಗೆ ಕೊಂಡು, ಅದನ್ನು ನೋಡಿ ಇನ್ನು ನಾಲ್ಕನ್ನು ಮನೆಯಲ್ಲೇ ಮಾಡಿಸಿದರಂತೆ. ಹಲಗೆ ಹೆಬ್ಬಲಸಿನದು. ಚೌಕಟ್ಟಿಗೆ ಮರದ ತೆಳು ಪಟ್ಟಿ. ಆಚಾರಿ ಒಳ್ಳೆಯ ಕೆಲಸಗಾರ, ಬಾಗಿಲು ಕಿಟಕಿಗೆ ಹೆಸರಾದವರು. ಅವರು ಮುಚ್ಚಳದ ಕೆಳಗೆ ಗಾಳಿಯಾಡಲಿ ಎಂದು ಧಾರಾಳವಾಗಿ ಒಂದು ಇಂಚು ಜಾಗ ಬಿಟ್ಟರು. ಜೇನಿಗೆ ಖುಷಿಯೋ ಖುಷಿ. ಚೌಕಟ್ಟನ್ನು ಮೀರಿ ಮುಚ್ಚಳಕ್ಕೆ ಅಂಟಿಸಿ ಅಡ್ಡಾದಿಡ್ಡಿ ಎರಿ ಕಟ್ಟಿಬಿಟ್ಟಿತು. ಎರಡು ತಿಂಗಳ ಮೇಲೆ ಅಜ್ಜ ಮುಚ್ಚಳ ಎತ್ತಿದರೆ ಎರಿಗಳೂ ಮೇಲೆದ್ದು ಬಂದು ಮುರಿದು ಬಿದ್ದವು. ತುಪ್ಪ ಸೋರಿತು, ಇರುವೆ ಮುತ್ತಿತು, ಸಂಜೆಯ ಒಳಗೆ ಕುಟುಂಬ ಹಾರಿ ಹೋಯಿತು.

ಅಜ್ಜ ಆಚಾರಿಯ ಮೇಲೆ ಸಿಟ್ಟಾಗಲಿಲ್ಲ. ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಆಚಾರಿಯ ಪೆನ್ಸಿಲನ್ನೇ ತೆಗೆದು, ಕೊಂಡು ತಂದ ಪೆಟ್ಟಿಗೆಯ ಸಂದಿನಲ್ಲಿ ತೂರಿಸಿ ತೋರಿಸಿದರು. ಸರಿಯಾಗಿ ಹಿಡಿಯಿತು. ತುಡುವೆಗೆ ಬೇಕಾದ ದಾರಿ ಸುಮಾರು 7-8 ಮಿಲಿಮೀಟರ್, ಹತ್ತಿರ ಹತ್ತಿರ ಒಂದು ಪೆನ್ಸಿಲಿನ ದಪ್ಪ. "ಪೆನ್ಸಿಲು ಹೋಗಬೇಕು, ಹೆಬ್ಬೆರಳು ಹೋಗಬಾರದು" ಎಂಬುದು ಅಂದಿನಿಂದ ನಮ್ಮ ಮನೆಯ ಲೆಕ್ಕವಾಯಿತು. ಲ್ಯಾಂಗ್‌ಸ್ಟ್ರಾತ್ ಹೆಸರನ್ನು ಅಜ್ಜ ಕೇಳಿರಲಿಕ್ಕಿಲ್ಲ.

ಉಳಿದದ್ದೆಲ್ಲ ಮನೆಯ ಸಾಮಾನಿನಿಂದಲೇ. ಪೆಟ್ಟಿಗೆ ನಿಲ್ಲಿಸಲು ಒಂಟಿ ಕಂಬ. ಇರುವೆ ಹತ್ತದಂತೆ ಅದಕ್ಕೆ ಗಾಡಿಯ ಹಳೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ. (ಒಂದೇ ಕಾಲು ಯಾಕೆ ಎಂದು ಈಗ ಗೊತ್ತಾಯಿತಲ್ಲ? ನಾಲ್ಕು ಕಾಲಿದ್ದರೆ ನಾಲ್ಕು ಬಟ್ಟೆ ಬೇಕು.) ಹಾಲಿನ ಪುಡಿಯ ಡಬ್ಬಿಗೆ ತೂತು ಮಾಡಿ, ಒಳಗೆ ತೆಂಗಿನ ನಾರು ಹೊತ್ತಿಸಿದರೆ ಹೊಗೆಡಬ್ಬಿ. ಹೊಗೆ ಕಂಡರೆ ಜೇನು ಕಾಡಿಗೆ ಬೆಂಕಿ ಬಿತ್ತೆಂದು ಹೊಟ್ಟೆ ತುಂಬ ತುಪ್ಪ ಕುಡಿಯಲು ಓಡುತ್ತದೆ, ಕುಟುಕುವುದು ಕಡಿಮೆ. ಹಳೆಯ ಸೊಳ್ಳೆಪರದೆಯ ತುಂಡು ಮುಟ್ಟಾಳೆಯ ಸುತ್ತ ಹೊಲಿದರೆ ಮುಖಕ್ಕೆ ರಕ್ಷೆ. ತುಪ್ಪ ತೆಗೆಯುವ ಯಂತ್ರವೂ ಮನೆಯದೇ: ದೊಡ್ಡ ತಗಡಿನ ಡಬ್ಬಿ, ಒಳಗೆ ಬಲೆಯ ಗೂಡು, ಮೇಲೆ ಸೈಕಲಿನ ಹಲ್ಲುಚಕ್ರ. ತಿರುಗಿಸುವ ಕೆಲಸ ಮಕ್ಕಳದ್ದು. ಜೋರಾಗಿ ತಿರುಗಿಸಿದರೆ ಎರಿ ಒಡೆಯುತ್ತದೆ, ಮೆಲ್ಲಗೆ ತಿರುಗಿಸಿದರೆ ತುಪ್ಪ ಬರುವುದಿಲ್ಲ. ಖಾಲಿಯಾದ ಎರಿಯನ್ನು ಮತ್ತೆ ಪೆಟ್ಟಿಗೆಗೆ ಇಟ್ಟರೆ ಜೇನು ಮರುದಿನವೇ ತುಂಬಿಸಲು ಶುರು. ಮೇಣದ ಹಾಳೆ ಮಾತ್ರ ಸಂಘದಿಂದ ಬರಬೇಕಿತ್ತು, ಅದರ ಅಚ್ಚು ಮನೆಯಲ್ಲಿ ಆಗುವಂಥದ್ದಲ್ಲ.

ಒಳಮುಚ್ಚಳದ ಹಿಂಬದಿಯಲ್ಲಿ ಅಜ್ಜ ಪೆನ್ಸಿಲಿನಲ್ಲೇ ಲೆಕ್ಕ ಬರೆಯುತ್ತಿದ್ದರು. ಯಾವ ತಿಂಗಳು, ಎಷ್ಟು ಬಾಟಲಿ. ಪ್ರತಿ ಪೆಟ್ಟಿಗೆಗೂ ಅದರದೇ ಲೆಕ್ಕ.

ಆ ಲೆಕ್ಕ 1992ರಲ್ಲಿ ನಿಂತಿತು. ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕೇರಳ, ಕರ್ನಾಟಕ, ತಮಿಳುನಾಡಿನ ತುಡುವೆಗೆ ತಗುಲಿತು. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಕಂಡದ್ದರಿಂದ ಆ ಹೆಸರು. ದೊಡ್ಡ ಜೇನಿಗೆ ಏನೂ ಆಗುವುದಿಲ್ಲ. ಮರಿಗಳು ಕೋಣೆಯೊಳಗೇ ನೀರು ತುಂಬಿದ ಚೀಲದಂತಾಗಿ ಸಾಯುತ್ತವೆ. ಹೊಸ ಮರಿ ಇಲ್ಲದ ಕುಟುಂಬ ಕೆಲವೇ ವಾರಗಳಲ್ಲಿ ಕರಗುತ್ತದೆ. ವೈರಸ್ಸಿಗೆ ಔಷಧ ಇರಲಿಲ್ಲ. ಪೆಟ್ಟಿಗೆಯಿಂದ ಪೆಟ್ಟಿಗೆಗೆ, ತೋಟದಿಂದ ತೋಟಕ್ಕೆ ಹರಡಿ ಸಾಕಿದ ಜೇನಿನ ಬಹುಪಾಲು ಹೋಯಿತು. ಕೊರೋನಾ ಕಾಲವನ್ನು ಕಂಡ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಎಷ್ಟೋ ಮನೆಗಳು ಜೇನನ್ನು ಬಿಟ್ಟೇಬಿಟ್ಟವು. ಪೆಟ್ಟಿಗೆಗಳು ಅಟ್ಟ ಸೇರಿದವು, ಕೆಲವು ಮೊಳೆ ಸುತ್ತಿಗೆಯ ಡಬ್ಬಿಯಾದವು.

ಪೂರ್ತಿ ಮುಗಿಯಲಿಲ್ಲ ಎನ್ನುವುದೂ ನಿಜ. ಕಾಡಿನ ಪೊಟರೆಗಳಲ್ಲಿ ರೋಗ ತಡೆದುಕೊಂಡು ಉಳಿದ ತುಡುವೆ ಕುಟುಂಬಗಳು ಇದ್ದವು. ಕೆಲವು ವರ್ಷ ಕಳೆದ ಮೇಲೆ ಜನ ಮತ್ತೆ ಮಡಕೆ ಹಿಡಿದರು. ಮೇಣ ಸವರಿದ ಮಡಕೆಯನ್ನು ಮರದಲ್ಲಿಟ್ಟು ಪಾಲು ಬಂದ ಜೇನನ್ನು ಹಿಡಿದು, ಮೆಲ್ಲಗೆ ಪೆಟ್ಟಿಗೆಗೆ ದಾಟಿಸಿದರು. ಹಳೆಯ ಕಾಲದ್ದೆಂದು ಮೂಲೆಗೆ ಸರಿಸಿದ ಮಡಕೆಯೇ ಪೆಟ್ಟಿಗೆಯನ್ನು ಮತ್ತೆ ತುಂಬಿಸಿದ್ದು. ನಮ್ಮ ಅಪ್ಪ ಹೀಗೆ ಎರಡು ಕುಟುಂಬ ಹಿಡಿದರು, ಒಂದು ನಿಂತಿತು.

ಇಲ್ಲಿ ಕತಾರಿನ ತೋಟಗಳಲ್ಲೂ ಈಗ ಜೇನು ಸಾಕುತ್ತಾರೆ. ನಾವು ಸಿದ್ರ್ ಜೇನು ಎಂದು ಕೊಳ್ಳುವುದು ನಮ್ಮ ಬೋರೆಹಣ್ಣಿನ ಬಳಗದ ಮರದ ಹೂವಿನದು. ಇಲ್ಲಿನ ಪೆಟ್ಟಿಗೆಗೆ ದೊಡ್ಡ ಸವಾಲು ಬಿಸಿಲು. ಮರಿಗಳಿರುವ ಜಾಗ ಸುಮಾರು 35 ಡಿಗ್ರಿಯಲ್ಲೇ ಇರಬೇಕು, ಹೊರಗೆ 45 ದಾಟಿದರೂ ಸರಿ. ಜೇನು ನೀರು ಹೊತ್ತು ತಂದು ಎರಿಯ ಮೇಲೆ ಸವರಿ, ರೆಕ್ಕೆಯಿಂದ ಗಾಳಿ ಬೀಸಿ ತಂಪು ಮಾಡುತ್ತದೆ. ಹಾಗಾಗಿ ನೆರಳು, ಪಕ್ಕದಲ್ಲೇ ನೀರು, ಇವೆರಡೂ ಇಲ್ಲಿ ಪೆಟ್ಟಿಗೆಯ ಭಾಗವೇ. ರಾಸ್ ಲಫಾನ್‌ನಲ್ಲಿ ಗ್ಯಾಸನ್ನು ಮೈನಸ್ 162 ಡಿಗ್ರಿಗೆ ಇಳಿಸಿ ದ್ರವ ಮಾಡುವ ಕೆಲಸದಲ್ಲಿರುವ ನಮಗೆ ತಂಪು ಮಾಡುವುದರ ಖರ್ಚು ಎಷ್ಟೆಂದು ಗೊತ್ತು.

ಮಕ್ಕಳೇ, ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಜೇನು ಸಾಕುವ ಯೋಚನೆ ಬೇಡ. ಅಕ್ಕಪಕ್ಕದಲ್ಲಿ ಚಿಕ್ಕ ಮಕ್ಕಳಿದ್ದಾರೆ, ಕೆಲವರಿಗೆ ಒಂದು ಕುಟುಕೂ ಅಪಾಯ. ಆದರೆ ಜುಲೈ ರಜೆಗೆ ಊರಿಗೆ ಹೋದಾಗ ಅಟ್ಟದಲ್ಲೋ ಹಿತ್ತಲಲ್ಲೋ ಖಾಲಿ ಪೆಟ್ಟಿಗೆ ಇದ್ದರೆ ಅಜ್ಜನನ್ನು ಕೇಳಿ ಇಳಿಸಿ. ಜೇನು ಇರುವ ಪೆಟ್ಟಿಗೆಯನ್ನು ಮಳೆಗಾಲದಲ್ಲಿ ತೆರೆಯಬೇಡಿ, ಆಗ ಅವುಗಳಿಗೆ ಹೂವಿಲ್ಲ, ಅಜ್ಜ ಸಕ್ಕರೆ ಪಾಕ ಕೊಟ್ಟು ಕಾಪಾಡುತ್ತಿರುತ್ತಾರೆ. ಖಾಲಿ ಪೆಟ್ಟಿಗೆಯ ಚೌಕಟ್ಟಿಗೆ ಸ್ಕೇಲ್ ಹಿಡಿಯಿರಿ. ಒಳಗೆ 21 ಸೆಂಟಿಮೀಟರ್ ಆಸುಪಾಸು ಬಂದರೆ ಅದು ನ್ಯೂಟನ್ ಅಳತೆ. ಆಮೇಲೆ ಪೆನ್ಸಿಲನ್ನು ಸಂದಿನಲ್ಲಿ ತೂರಿಸಿ ನೋಡಿ. ಮುಚ್ಚಳವನ್ನು ಮಗುಚಿ ನೋಡುವುದನ್ನೂ ಮರೆಯಬೇಡಿ. ಏನಾದರೂ ಬರೆದಿದ್ದರೆ ಒಂದು ಫೋಟೋ ತೆಗೆದು ತನ್ನಿ, ಸೆಪ್ಟೆಂಬರಿನ ಮೊದಲ ತರಗತಿಯಲ್ಲಿ ಎಲ್ಲರೂ ಸೇರಿ ಓದೋಣ.